ಎಫ್ ಫೈವ್ ಮೇಲಿನ ಬೆರಳು

ನಡುರಾತ್ರಿ ಬೀರುವಿನೊಳಗೆ ಟಕ್ ಎಂದು ಒಂದು ಸಣ್ಣ ಸದ್ದು. ಹೆದರಬೇಡಿ, ಇಲಿಯಲ್ಲ. ಸಿಕ್ಕಿಕೊಂಡಿದ್ದ ನನ್ನ ಎಫ್ ಫೈವ್ ಕೀ ತಾನಾಗಿ ಮೇಲೆದ್ದಿತು, ಅಷ್ಟೆ. ನಾನು ಒಂದು ಹಳೆಯ ಕೀಬೋರ್ಡ್.

ಕಾರ್ಖಾನೆಯಲ್ಲಿ ನನ್ನ ಒಂದೊಂದು ಕೀಯನ್ನೂ ಒತ್ತಿ ನೋಡಿ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆ ತೆರೆದದ್ದು ತುಮಕೂರಿನಲ್ಲಿ, ವೆಬ್‌ಸೈಟ್ ವಿನ್ಯಾಸ ಮಾಡುವ ಪುಟ್ಟ ಕಚೇರಿಯಲ್ಲಿ. ನನ್ನ ಮೊದಲ ಒಡತಿ ಚಂದ್ರಿಕಾ ಮೌಸ್ ಮುಟ್ಟುತ್ತಿದ್ದುದೇ ಅಪರೂಪ. ಕಂಟ್ರೋಲ್ ಎಸ್ ಒತ್ತಿದರೆ ಕೆಲಸ ಉಳಿಯಿತು, ಕಂಟ್ರೋಲ್ ಝಡ್ ಒತ್ತಿದರೆ ತಪ್ಪು ಅಳಿಯಿತು. ಆ ಅಕ್ಷರಗಳು ನನ್ನ ಮೈಮೇಲಿಂದ ಬೇಗನೆ ಮಾಸಿದವು.

ಆಮೇಲೆ ನನ್ನನ್ನು ಹೊಸದಾಗಿ ಸೇರಿದ ತಬಸ್ಸುಮ್‌ಗೆ ಕೊಟ್ಟರು. ಗಿರಾಕಿಗಳ ಸೈಟನ್ನು ಕೇಳದೆ ಮುಟ್ಟಿದವರು ಅಂದೇ ಕೆಲಸ ಬಿಟ್ಟು ಹೋಗಬೇಕು ಎಂಬುದು ಕಚೇರಿಯ ಮಾಲೀಕರ ಕಟ್ಟಪ್ಪಣೆ. ಅವಳ ಬೆರಳುಗಳು ಅದನ್ನು ಮರೆಯದೆ ಹಗುರವಾಗಿ ಓಡಾಡುತ್ತಿದ್ದವು.

ಒಂದು ಮಧ್ಯಾಹ್ನ ಚಂದ್ರಿಕಾ ಅವಳಿಗೆ ಎಫ್ ಟ್ವೆಲ್ವ್ ಕಲಿಸಿದರು. ಒತ್ತಿದರೆ ಪುಟದ ಒಳಗುಟ್ಟೆಲ್ಲ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಬಣ್ಣ, ಅಕ್ಷರ ಬದಲಿಸಿ ಹೇಗೆ ಕಾಣುತ್ತದೆಂದು ನೋಡಬಹುದು. ಅಷ್ಟರಲ್ಲಿ ಫೋನ್ ಬಂತು, ಅವರು ಎದ್ದು ಹೋದರು.

ಪರದೆಯ ಮೇಲೆ ಒಂದು ಕಲ್ಯಾಣ ಮಂಟಪದ ಸೈಟ್ ಇತ್ತು. ‘ನಿಮ್ಮ ಮದುವೆ, ನಮ್ಮ ಜವಾಬ್ದಾರಿ’ ಎಂಬ ಸಾಲನ್ನು ಅಳಿಸಿ ತಬಸ್ಸುಮ್ ತಮಾಷೆಗೆ, ‘ಊಟ ನಮ್ಮದು, ಮದುವೆ ನಿಮ್ಮ ಹಣೆಬರಹ’ ಎಂದು ಬರೆದಳು. ನಕ್ಕಳು. ಆಮೇಲೆ ಪರದೆಯ ಮೇಲ್ತುದಿಯಲ್ಲಿದ್ದ ಸೈಟಿನ ವಿಳಾಸ ನೋಡಿದಳು. ಅದು ಅಭ್ಯಾಸದ ಪ್ರತಿಯಲ್ಲ, ಜನ ನೋಡುವ ನಿಜವಾದ ಸೈಟ್.

ಗಾಬರಿಯಲ್ಲಿ, ಪರದೆಯ ಪಕ್ಕದಲ್ಲಿ ತೆರೆದಿದ್ದ ಒಳಗುಟ್ಟಿನ ಕಿಟಕಿಯನ್ನು ಮುಚ್ಚಿಬಿಟ್ಟಳು. ಕಂಟ್ರೋಲ್ ಝಡ್ ಮತ್ತೆ ಮತ್ತೆ ಒತ್ತಿದಳು. ಸಾಲು ಕದಲಲಿಲ್ಲ. ಪುಟವನ್ನು ಹೊಸದಾಗಿ ತರಿಸುವ ಎಫ್ ಫೈವ್ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಒತ್ತಿದ ಮೇಲೂ ಆ ಸಾಲು ಅಲ್ಲೇ ಇದ್ದರೆ?

ಚಂದ್ರಿಕಾ ಹಿಂದೆ ಬಂದು ನಿಂತರು.

“ಅಕ್ಕಾ, ಮಂಟಪದ ಸೈಟ್ ಹಾಳ್ ಮಾಡ್ಬಿಟ್ಟೆ. ಊರೆಲ್ಲ ನೋಡಿರ್ತಾರೆ” ಎಂದಳು ತಬಸ್ಸುಮ್.

ಚಂದ್ರಿಕಾ ಸಾಲು ಓದಿದರು, ನಗು ತಡೆದುಕೊಂಡರು. ಅವಳ ಬೆರಳ ಮೇಲೆ ತಮ್ಮ ಬೆರಳಿಟ್ಟು ಜೋರಾಗಿ ಒತ್ತಿದರು. ಪುಟ ಒಮ್ಮೆ ಬೆಳ್ಳಗಾಗಿ ಮತ್ತೆ ಬಂತು: ನಿಮ್ಮ ಮದುವೆ, ನಮ್ಮ ಜವಾಬ್ದಾರಿ.

“ಅಲ್ಲಿ ಏನ್ ಬರೆದ್ರೂ ನಿನ್ ಪರದೇಲಿ ಮಾತ್ರ ಕಣೆ. ಅದನ್ನ ಹೇಳೋಕ್ ಮುಂಚೇನೇ ನಾನು ಎದ್ದೋದೆ.”

ತಬಸ್ಸುಮ್ ಬಿಟ್ಟ ಉಸಿರಿಗೆ ನನ್ನ ಕೀಗಳ ನಡುವಿನ ಧೂಳು ಎದ್ದಿತು. ನನಗೂ ಮೈ ಹಗುರಾಯಿತು. ಎಫ್ ಫೈವ್ ಮಾತ್ರ ಅಂದಿನಿಂದ ಸಿಕ್ಕಿಕೊಳ್ಳುತ್ತದೆ.

ವರ್ಷಗಳಾದ ಮೇಲೆ ಹೊಸ ಕೀಬೋರ್ಡ್ ಬಂತು. ಗುಜರಿ ಚೀಲ ಸೇರಿದ್ದ ನನ್ನನ್ನು ತಬಸ್ಸುಮ್ ಎತ್ತಿಕೊಂಡು ಒರೆಸಿದಳು.

“ಕೆಟ್ಟೋಗಿರೋದನ್ನ ಯಾಕಮ್ಮ ಇಟ್ಕೋತೀಯ?” ಎಂದು ಮಾಲೀಕರು ಕೇಳಿದರು.

ಆ ಮಧ್ಯಾಹ್ನದ ಕಥೆ ಹೇಳಿದ್ದರೆ ಈಗ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರೇನೋ. ಆದರೆ ಪಾಠವನ್ನು ಅರ್ಧಕ್ಕೆ ಬಿಟ್ಟು ಎದ್ದವರ ಹೆಸರೂ ಜೊತೆಗೇ ಬರುತ್ತಿತ್ತು. ಎದುರು ಮೇಜಿನಲ್ಲಿ ಚಂದ್ರಿಕಾ ತಲೆಯೆತ್ತದೆ ಕೆಲಸ ಮಾಡುತ್ತಿದ್ದರು.

“ಸುಮ್ನೆ ಸರ್” ಎಂದು ತಬಸ್ಸುಮ್ ನನ್ನನ್ನು ಬೀರುವಿನಲ್ಲಿಟ್ಟಳು. ಈ ಕಥೆಯನ್ನು ಯಾರಿಗೂ ಹೇಳುವುದು ಬೇಡವೆಂದು ಅವಳು ಅಲ್ಲೇ ನಿರ್ಧರಿಸಿದ್ದು, ಬಾಗಿಲನ್ನು ಮುಚ್ಚಿದ ಆ ಮೆಲ್ಲನೆಯ ಕೈಯಲ್ಲೇ ನನಗೆ ತಿಳಿಯಿತು.