ಕುರ್ಚಿಗೆ ಕಿವಿಗೊಟ್ಟ ಇಲಿ

ಗೋಡೆಯ ಪರದೆಯ ಮೇಲೆ ಇಲಿಯ ನಾಲಿಗೆ, ಅಂಗೈ ಅಗಲ ಬೆಳೆದು, ಹೊರಗೆ ಬರುತ್ತಿದೆ, ಒಳಗೆ ಹೋಗುತ್ತಿದೆ — ಬೀಪ್ ಸದ್ದು ಇನ್ನೂ ಆಗಿಲ್ಲ, ಸಕ್ಕರೆ ನೀರಿನ ಹನಿ ಬೀಳುವುದು ಅದಕ್ಕೂ ಆಮೇಲೆ, ಆದರೂ ನೆಕ್ಕುತ್ತಿದೆ, ಪಕ್ಕದಲ್ಲಿ ಹಸಿರು ಗೆರೆ ಏರುತ್ತಿದೆ, ಗೆರೆ ಏರಿತೆಂದರೆ ಮಿದುಳಿನಲ್ಲಿ ಬಹುಮಾನದ ಆಸೆಗೆ ಉಕ್ಕುವ ಡೋಪಮೈನ್ ಏರಿತೆಂದು ಅರ್ಥ, ನೋಡಿ, ಎನ್ನುತ್ತಿದ್ದಾರೆ ಪ್ರಯೋಗಾಲಯದ ಮೇಷ್ಟ್ರು ಸಭೆಗೆ, ಸದ್ದಿಗೆ ಮುಂಚೇನೇ ಇದಕ್ಕೆ ಗೊತ್ತಾಗಿದೆ, ಕಾಲವನ್ನೇ ಲೆಕ್ಕ ಹಾಕ್ತಿದೆ ಈ ಇಲಿ — ಕಾಲವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ, ಪ್ರಯೋಗ ಮಾಡಿದವಳು ಇವಳೇ, ಸಭೆಯಲ್ಲೇ ಕೂತಿದ್ದಾಳೆ, ಇವಳ ಕುರ್ಚಿ ಅದು, ಬೀಪ್ ಗುಂಡಿ ಒತ್ತಲು ಇವಳು ಮುಂದೆ ಬಾಗಿದಾಗಲೆಲ್ಲ ಕಿರ್ ಎನ್ನುವ ಹಳೇ ಕುರ್ಚಿ, ಕಿರ್ ಆದ ಮೇಲೆ ಬೀಪ್, ಬೀಪ್ ಆದ ಮೇಲೆ ಹನಿ, ಇಲಿಯೇನು ಪೆದ್ದೇ, ಕುರ್ಚಿಯನ್ನೇ ನಂಬಿಕೊಂಡಿತು. ನಿನ್ನೆ ನೀರು ಕುಡಿಯಲು ಎದ್ದಳು, ಕುರ್ಚಿ ಕಿರ್ ಎಂದಿತು, ನಾಲಿಗೆ ಹೊರಬಂತು, ಗುಂಡಿ ಮುಟ್ಟಿರಲೇ ಇಲ್ಲ. ಮತ್ತೆ ಕೂತಳು, ಎದ್ದಳು, ಮತ್ತೆ ನಾಲಿಗೆ. ಯಾರೂ ನೋಡಲಿಲ್ಲವೆಂದು ಮೊದಲು ಸಮಾಧಾನವಾಯಿತಲ್ಲ, ಅದೇ ಹೇಸಿಗೆ, ಈಗ ಸಭೆಯಲ್ಲಿ ಬಾಗಿಲ ಪಕ್ಕ ಕೂತಿರುವ, ಪ್ರಯೋಗಾಲಯದ ಆ ಕಿರಿಯಳ ನೆನಪು ಬಂದದ್ದು ಆಮೇಲೆ. ಪಾಪದ ಹುಡುಗಿ, ಸದ್ದು ಮಾಡದ ಮರದ ಸ್ಟೂಲಿನ ಮೇಲೆ ಕೂತು ಇದೇ ಪ್ರಯೋಗ ಮಾಡಿದಳು, ಅವಳ ಇಲಿಗಳು ಬೀಪ್ ಆಗುವ ತನಕ ತೆಪ್ಪಗಿದ್ದವು, ಸರಿಯಾಗಿಯೇ ಇದ್ದವು, ಮೇಷ್ಟ್ರು ಮಾತ್ರ ನಿನ್ನ ಕೈಗುಣ ಸರಿಯಿಲ್ಲಮ್ಮ ಎಂದುಬಿಟ್ಟರು, ಇವತ್ತು ಸಭೆ ಮುಗಿದೊಡನೆ ಅವಳನ್ನು ಈ ಕೆಲಸದಿಂದ ಬಿಡಿಸುತ್ತಾರೆ. ಬೆಳಿಗ್ಗೆ ಕೈತೊಳೆಯುವಾಗ ಕೇಳಿದಳು, ಅಕ್ಕಾ, ನಾನು ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಹೇಳ್ತೀರಾ. ನೋಡೋಣ ಕಣೇ ಎಂದಳು ಇವಳು. ನೋಡೋಣವಂತೆ, ನಾಲಿಗೆ ಬಿದ್ದುಹೋಗಲಿ.

ಇವಳಿಗೆ ಊಟ ಬೇಡ, ಭೇಷ್ ಅಂದ್ರೆ ಹೊಟ್ಟೆ ತುಂಬುತ್ತೆ ಎಂದು ಅಮ್ಮ ನಗುತ್ತಿದ್ದಳು, ನಗುವ ಮಾತಾಗಿತ್ತು ಆಗ — ಈಗ ಹೇಳಬೇಕು, ಸಾರ್, ಅದು ಕುರ್ಚಿ, ಎರಡೇ ಮಾತು, ಏಳುತ್ತಾಳೆ, ಅರ್ಧ ಎದ್ದಿದ್ದಾಳೆ, ಮೇಷ್ಟ್ರು ಇವಳ ಕಡೆ ತಿರುಗಿ ಕನ್ನಡಕ ತೆಗೆಯುತ್ತಾರೆ, ಯಾರನ್ನಾದರೂ ಹೊಗಳುವ ಮುಂಚೆ ಅವರು ಹಾಗೇ ಕನ್ನಡಕ ತೆಗೆಯುವುದು, ಅವರಿನ್ನೂ ಬಾಯಿ ತೆರೆದಿಲ್ಲ, ಇವಳ ಎದೆ ಆಗಲೇ ಹಿಗ್ಗಿತು, ಥೂ, ಎಲ್ಲ ಗೊತ್ತಿದ್ದೂ, ನಾಚಿಕೆಗೆ ಕಿವಿ ಸುಡುತ್ತಿದ್ದೂ, ಕಿರಿಯಳು ಅಲ್ಲೇ ತಲೆ ತಗ್ಗಿಸಿ ಕೂತಿದ್ದೂ ಹಿಗ್ಗಿತು, ಕಾಲು ತಾನಾಗಿ ಮಡಚಿತು, ಕೂತುಬಿಟ್ಟಳು, ಪರದೆಯ ಮೇಲೆ ನಾಲಿಗೆ, ಹೊರಗೆ, ಒಳಗೆ, ಹೊರಗೆ, ಹನಿಯಿಲ್ಲದ ನಳಿಗೆಯನ್ನು ನೆಕ್ಕುತ್ತಿರುವ ನಾಲಿಗೆ —