ಅತ್ತೆಯ ಹಲ್ಲುಸೆಟ್

‘ಸೆಟ್’ ಎಂಬ ಪುಟಾಣಿ ಪದಕ್ಕೆ ಕಾಲೇಜಿನ ದಪ್ಪ ಇಂಗ್ಲಿಷ್ ನಿಘಂಟಿನಲ್ಲಿ ಪುಟಗಟ್ಟಲೆ ಅರ್ಥ ಕೊಟ್ಟಿದ್ದರು. ಪರೀಕ್ಷೆಗೆಂದು ಅದನ್ನೆಲ್ಲ ಉರು ಹೊಡೆದಿದ್ದೆ. ಅಷ್ಟು ಪುಟಗಳಲ್ಲೂ ಇಲ್ಲದ ಒಂದು ಅರ್ಥ ನಮ್ಮತ್ತೆಯ ಬಾಯಲ್ಲಿತ್ತು. ಅಕ್ಕನ ಮದುವೆ ಮುರಿದದ್ದು ಆ ಅರ್ಥದಿಂದ.

ಅಕ್ಕ ದೊಡ್ಡ ರಸ್ತೆಯ ಪಾರ್ಲರಿನಲ್ಲಿ ಕೂದಲಿನ ಕೆಲಸ ಮಾಡುತ್ತಾಳೆ. ಎರಡು ವರ್ಷದ ಹಿಂದೆ ಬ್ಯಾಂಕಿನ ಹುಡುಗನೊಬ್ಬನ ಸಂಬಂಧ ಅವಳಿಗೆ ಕೂಡಿಬಂದಿತ್ತು. ಆಗ ಒಂದು ಸಂಜೆ ಅಡುಗೆಮನೆಯ ಕಿಟಕಿಗೆ ಒರಗಿಕೊಂಡು ಪಾರ್ಲರಿನ ಗೆಳತಿಗೆ ಫೋನಿನಲ್ಲಿ, “ಅವನ್ನ ನಾನು ಆಗ್ಲೇ ಸೆಟ್ ಮಾಡಿಬಿಟ್ಟೆ ಕಣೇ. ನಾಳೆವರೆಗೂ ಅಲ್ಲಾಡಲ್ಲ ಬಿಡು,” ಎಂದು ನಕ್ಕಳು. ಅಲ್ಲಾಡಬಾರದಾಗಿದ್ದದ್ದು ಯಾವನೋ ನಾಟಕದವನ ಗುಂಗುರು ಕೂದಲು. ಪಕ್ಕದಲ್ಲೇ ಅತ್ತೆ ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಕೂತಿದ್ದಳು.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ, ಎದುರು ಬೀದಿಯಲ್ಲೇ ಮನೆ. ಎದುರಿಗಿದ್ದಾಗ ನಾನು ಅವಳಿಗೆ ಬಹುವಚನ ಕೊಡುತ್ತೇನೆ. ಮನಸ್ಸಿನಲ್ಲಿ ಅಷ್ಟು ಜಾಗವಿಲ್ಲ.

ಮುಂದಿನ ವಾರ ಬ್ಯಾಂಕಿನವರು ಸಂಬಂಧ ಬೇಡವೆಂದರು. “ಹುಡುಗಿ ಯಾರನ್ನೋ ಸೆಟ್ ಮಾಡ್ಕೊಂಡಿದ್ದಾಳಂತಲ್ಲ,” ಎಂದಷ್ಟೇ ಹೇಳಿ ಫೋನಿಟ್ಟರು. ಹೇಳಿದವರು ಯಾರೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಪ್ಪ ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿ ಬೈದಿದ್ದರೆ ವಾಸಿಯಿತ್ತು. ಅವತ್ತಿನಿಂದ ಅಕ್ಕನ ಫೋನು ಬಡಿದುಕೊಂಡರೆ ಅಪ್ಪ ಪೇಪರಿನಿಂದ ತಲೆ ಎತ್ತುತ್ತಿದ್ದರು, ಅಕ್ಕ ಎದ್ದು ಮೆಟ್ಟಿಲ ಮೇಲೆ ಹೋಗಿ ಮಾತಾಡುತ್ತಿದ್ದಳು. ಹೊರಗೆ ಹೋಗಿ ಮಾತಾಡುತ್ತಾಳೆ ಎಂಬುದೇ ಅಪ್ಪನ ಅನುಮಾನಕ್ಕೆ ಇನ್ನಷ್ಟು ಮೇವು.

ಆರು ತಿಂಗಳಲ್ಲಿ ಅದೇ ಬ್ಯಾಂಕಿನ ಹುಡುಗನಿಗೆ ಅತ್ತೆಯ ಮಗಳು ಸೆಟ್ ಆದಳು.

ನಿಜ ನನಗೆ ಗೊತ್ತಾದದ್ದು ಆ ಮಗಳಿಂದಲೇ. ಹೊಸ ಬಳೆ ತಿರುಗಿಸುತ್ತ, “ನಮ್ಮಮ್ಮ ಅವತ್ತು ಒಂದು ಮಾತು ಹೇಳದೇ ಇದ್ದಿದ್ರೆ ನಾನೆಲ್ಲಿರ್ತಿದ್ದೆ ಹೇಳು!” ಎಂದು ನಕ್ಕಳು. ನನ್ನ ಎದುರು ಎಲ್ಲರೂ ಎಲ್ಲವನ್ನೂ ಹೇಳುತ್ತಾರೆ. ನನ್ನದು ಮಾತು ಕಡಿಮೆ, ಅದಕ್ಕೆ ಅತ್ತೆ ನನಗಿಟ್ಟ ಹೆಸರು ಮೂಕಿ. ಗೋಡೆಗಾದರೂ ಕಿವಿಯಿರುತ್ತದೆ, ಮೂಕಿಗೆ ಅದೂ ಇಲ್ಲವೆಂದು ಅವರ ಲೆಕ್ಕ. ಅತ್ತೆ ತಪ್ಪು ತಿಳಿದುಕೊಂಡಿರಬಹುದೇ ಎಂದು ಒಂದು ರಾತ್ರಿ ಯೋಚಿಸಿದ್ದೆ. ಇಲ್ಲ. ಆ ಫೋನಿಗೆ ನಾಲ್ಕು ದಿನ ಮುಂಚೆ ಅಕ್ಕನ ಕುರ್ಚಿಯಲ್ಲಿ ಕೂತು, “ನಂದೂ ಚೆನ್ನಾಗಿ ಸೆಟ್ ಮಾಡೇ, ಗಾಳಿಗೂ ಹಾರಬಾರ್ದು,” ಎಂದು ಬಿಟ್ಟಿಯಾಗಿ ಮಾಡಿಸಿಕೊಂಡು ಹೋಗಿದ್ದವಳು ಅವಳು. ಅಪ್ಪನಿಗೆ ಹೇಳಲು ಎರಡು ಸಲ ಬಾಯಿ ತೆರೆದೆ. ತಂಗಿಯೆಂದರೆ ಅವರಿಗೆ ಪ್ರಾಣ. ತೆರೆದ ಬಾಯಿಗೆ ಅನ್ನ ತುರುಕಿಕೊಂಡು ಎದ್ದೆ.

ನಾನು ಕೆಲಸ ಮಾಡುವುದು ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಅದಕ್ಕೆ ಕಲ್ಲಿನ ಪುಡಿ ಕಲಸಿ ಹೊಯ್ಯುತ್ತೇವೆ, ಅದು ಸೆಟ್ ಆಗಿ ಗಟ್ಟಿಯಾದ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಸೆಟ್ ಮಾಡುತ್ತೇವೆ. ಹೊರಗೆ ಹೋಗುವಾಗ ಅದರ ಹೆಸರು ಹಲ್ಲುಸೆಟ್. ನನ್ನಂಥವಳಿಗೆ ಹೇಳಿ ಮಾಡಿಸಿದ ಜಾಗ. ಕಪಾಟಿನ ತುಂಬ ಬಾಯಿಗಳು, ಒಂದೂ ಮಾತಾಡುವುದಿಲ್ಲ. ಕೆಲಸ ಕಲಿಸುವಾಗ ನಮ್ಮ ಸರ್ ಒಂದು ಮಾತು ಹೇಳಿದ್ದರು: “ಎದುರು ಹಲ್ಲಿನ ಹಿಂದೆ ಈ ಜಾಗ ನೋಡಮ್ಮ. ‘ಸ’ ಅಕ್ಷರ ಹುಟ್ಟೋದು ಇಲ್ಲಿ. ನಾಲಿಗೆಗೂ ಇದಕ್ಕೂ ನಡುವೆ ಗಾಳಿ ಹೋಗೋ ದಾರಿ ಕಿರಿದಾಯ್ತೋ, ಪೇಷಂಟು ಸಿಳ್ಳೆ ಹೊಡ್ಕೊಂಡು ವಾಪಸ್ ಬರ್ತಾರೆ.”

ಹೋದ ತಿಂಗಳು ಅಕ್ಕನಿಗೆ ಎರಡನೆಯ ಸಂಬಂಧ ಬಂತು. ಹುಡುಗ ಲಿಫ್ಟ್ ರಿಪೇರಿಯವನು, ಅವನ ತಾಯಿ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅಕ್ಕನಿಗೆ ಅವನು ಇಷ್ಟವಾಗಿದ್ದ. ಮೆಟ್ಟಿಲ ಮೇಲೆ ಫೋನಿನಲ್ಲಿ ಮಾತಾಡಿ ಒಳಗೆ ಬರುವಾಗ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಸುದ್ದಿ ಕೇಳಿದ್ದೇ ತಡ, ಆ ಹೊತ್ತಿಗೆ ಹಲ್ಲೆಲ್ಲ ಕೀಳಿಸಿಕೊಂಡಿದ್ದ ಅತ್ತೆ ಓಡಿಬಂದಳು.

“ನನ್ನ ಹಲ್ಲುಹೆಟ್ ಬರ್ಲಿ ಅಣ್ಣ, ಆಮೇಲೆ ಅವರನ್ನ ಕರಿ. ಬೊಚ್ಚುಬಾಯಿ ಇಟ್ಕೊಂಡು ನಾಲ್ಕು ಜನರ ಮುಂದೆ ನಾನೇನು ಮಾತಾಡ್ಲಿ?” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಲ್ಲೇ ಮಾಡೋದಂತಲ್ಲೇ ಮೂಕಿ? ಇಂಗ್ಲಿಷ್ ಓದಿ ಕಂಡೋರ ಹಲ್ಲು ತಿಕ್ತೀಯ, ನಂದೂ ಒಂಚೂರು ಚೆನ್ನಾಗಿ ತಿಕ್ಕು,” ಎಂದಳು.

“ಆಗಲಿ ಅತ್ತೆ,” ಎಂದೆ.

ಮೇಣದ ಸೆಟ್ಟನ್ನು ಡಾಕ್ಟರು ಅವಳ ಬಾಯಿಗಿಟ್ಟು ನೋಡಿ, ಸರಿಯಾಗಿದೆ, ಮುಗಿಸಿ ಎಂದು ಕಳಿಸಿದರು. ಮುಗಿಸುವುದು ನನ್ನ ಕೆಲಸ. ಹಲ್ಲು ಒಂದನ್ನೂ ಅಲ್ಲಾಡಿಸಲಿಲ್ಲ. ಅವಳ ನಗು ಅವಳಿಗಿರಲಿ. ಎದುರು ಹಲ್ಲಿನ ಹಿಂದೆ ಬಿಸಿ ಚಾಕುವಿನಿಂದ ಮೇಣ ಇಳಿಸಿದೆ, ಎರಡೂ ಬದಿಯಿಂದ ಒತ್ತಿ ಗಾಳಿಯ ದಾರಿಯನ್ನು ದಾರದಷ್ಟು ಸಣ್ಣ ಮಾಡಿದೆ. ಅದು ಗುಲಾಬಿ ಪ್ಲಾಸ್ಟಿಕ್ಕಾಗಿ ಹೊರಬಂದಾಗ ಬೆರಳಾಡಿಸಿದೆ. ಅಷ್ಟು ನಯವಾಗಿ ನಾನು ಯಾರ ಹಲ್ಲಿಗೂ ಪಾಲಿಷ್ ಹಾಕಿದವಳಲ್ಲ.

ಹಲ್ಲು ಅತ್ತೆಯ ಬಾಯಿ ಸೇರಿದ್ದು ಮಾತುಕತೆಯ ದಿನ ಬೆಳಗ್ಗೆ. “ಏನೋ ಸುಯ್ ಸುಯ್ ಅನ್ನುತ್ತೆ,” ಎಂದದ್ದಕ್ಕೆ ಡಾಕ್ಟರು, ಹೊಸದರಲ್ಲಿ ಹಾಗೇ, ಅಭ್ಯಾಸವಾಗುತ್ತದೆ ಎಂದು ಕಳಿಸಿದರಂತೆ.

ಸಂಜೆ ಗಂಡಿನ ಕಡೆಯವರು ಬಂದು ಕೂತರು. ಅತ್ತೆ ತುಟಿ ಬಿಗಿಹಿಡಿದು ಕೂತಿದ್ದಳು. ಚಹಾ ಬರುವ ಹೊತ್ತಿಗೆ ಕಂಡಕ್ಟರಮ್ಮನ ಮೊಣಕೈ ಮುಟ್ಟಿ, ಬಟ್ಟೆ ಒಣಹಾಕುವ ಬಾಲ್ಕನಿಗೆ ಕರೆದುಕೊಂಡು ಹೋದಳು. ನಾನು ಟ್ರೇ ಹಿಡಿದು ಹಿಂದೆಯೇ ಹೋದೆ. ಮೂಕಿ ತಾನೇ, ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ.

“ಹುಡುಗಿ ಬಂಗಾರದಂಥವಳು. ಆದ್ರೆ ಒಂದು ಮಾತು ನಿಮ್ಮ ಕಿವಿಗೆ ಹಾಕ್ಬೇಕು. ಅವಳು ಆಗ್ಲೇ ಒಬ್ಬನ್ನ… ಸ್ಸ್‌ಸುಂಯ್‌ಟ್—”

ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಲೆಯೆತ್ತಿ ನೋಡಿದ.

“ಒಬ್ಬನ್ನ ಏನು?” ಎಂದರು ಕಂಡಕ್ಟರಮ್ಮ.

“ಸ್ಸುಂಯ್… ಅದೇ, ಸ್ಸ್‌ಸುಂಯ್‌ಟ್ ಮಾಡ್ಕೊಂಡು—”

“ಸಿಳ್ಳೆ ಹೊಡೆದ್ಲಾ?” ಕಂಡಕ್ಟರಮ್ಮನ ದನಿ ಇಡೀ ಬಸ್ಸಿಗೆ ಕೇಳುವಂಥದ್ದು. “ಹೊಡೀಲಿ ಬಿಡ್ರೀ! ನಾನು ಜೀವಮಾನವೆಲ್ಲ ಸಿಳ್ಳೆ ಹೊಡೆದೇ ಸಂಸಾರ ನಡೆಸಿದೋಳು!” ಎನ್ನುತ್ತ ಒಳಗೆ ನಡೆದು, “ಯಜಮಾನ್ರೇ, ನಿಮ್ಮ ಮಗಳು ಯಾವನಿಗೋ ಸಿಳ್ಳೆ ಹೊಡೆದ್ಲಂತೆ, ನಿಮ್ಮ ತಂಗಿ ಚಾಡಿ ಹೇಳ್ತಾವ್ರೆ!” ಎಂದು ನಕ್ಕರು.

ಅಕ್ಕ ನಗಲಿಲ್ಲ. ಅವಳ ಮುಖದ ಬಣ್ಣ ಇಳಿಯುವುದನ್ನು ಕಂಡೆ. ಅಪ್ಪ ಒಮ್ಮೆ ಅವಳನ್ನು, ಒಮ್ಮೆ ತಂಗಿಯನ್ನು ನೋಡಿದರು. ನಾನು ಟ್ರೇ ಕೆಳಗಿಟ್ಟೆ.

“ಸಿಳ್ಳೆ ಅಲ್ಲ,” ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. “ಅತ್ತೆ ಹೇಳೋಕೆ ಹೊರಟಿದ್ದು ಸೆಟ್ ಅಂತ. ಅಕ್ಕ ಯಾರನ್ನೋ ಸೆಟ್ ಮಾಡ್ಕೊಂಡಿದ್ದಾಳೆ ಅಂತ. ಹೋದ ಸಲ ಬ್ಯಾಂಕಿನವರ ಮನೇಲಿ ಹೇಳಿದ್ದೂ ಇವರೇ. ಅವಳು ಫೋನಲ್ಲಿ ಹೇಳಿದ್ದು ಕೂದಲು ಸೆಟ್ ಮಾಡಿದ್ದು. ನಿಮಗೆ ಗೊತ್ತಿತ್ತಲ್ಲ ಅತ್ತೆ? ಆ ವಾರ ನೀವೂ ಮಾಡಿಸ್ಕೊಂಡಿದ್ರಿ. ಗಾಳಿಗೂ ಹಾರಬಾರ್ದು ಅಂದಿದ್ರಿ.”

ಅಪ್ಪ ನಿಧಾನವಾಗಿ ಎದ್ದರು. “ಏನೇ ಇದು? ಬ್ಯಾಂಕಿನವರಿಗೆ ಹೇಳಿದ್ದು ನೀನಾ?”

“ಸ್ಸ್‌ಸಿಳ್ಳು!” ಎಂದಳು ಅತ್ತೆ.

‘ಸುಳ್ಳು’ ಎನ್ನಲು ಹೋಗಿದ್ದಳು. ಇನ್ನೊಮ್ಮೆ ಯತ್ನಿಸಿದಳು, ಇನ್ನೂ ಉದ್ದವಾಗಿ ಬಂತು. “ನಿಲ್ಸಮ್ಮ, ನಿಲ್ಸು, ಇಳ್ಕೊಳ್ಳೋರು ಇಳ್ಕೊಳ್ಲಿ!” ಎಂದರು ಕಂಡಕ್ಟರಮ್ಮ. ಹುಡುಗ ಚಹಾ ಉಗುಳಿದ. ಅಕ್ಕ ಎರಡು ವರ್ಷಗಳ ನಂತರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ಮಾತ್ರ ನಗದೆ ಬಾಗಿಲು ತೆರೆದು ಹಿಡಿದರು, ತಂಗಿ ಹೊರಹೋಗುವವರೆಗೂ.

ಮೂರು ದಿನ ಬಿಟ್ಟು ಅತ್ತೆ ಲ್ಯಾಬಿಗೆ ಬಂದಳು. ಹಲ್ಲು ಬಿಚ್ಚಿ ಕರವಸ್ತ್ರದಲ್ಲಿ ನನ್ನ ಮೇಜಿನ ಮೇಲಿಟ್ಟಳು. “ನೀನೇ ಮಾಡಿದ್ದು ಅಲ್ವೇನೇ? ಇದನ್ನ ಹರಿ ಮಾಡಿಕೊಡು.” ಬೊಚ್ಚುಬಾಯಲ್ಲಿ ‘ಸ’ ಬರುತ್ತಿರಲಿಲ್ಲ.

ಉಜ್ಜುವ ಯಂತ್ರ ಕೈಗೆಟಕುವಲ್ಲೇ ಇತ್ತು. “ಒಂದು ನಿಮಿಷದ ಕೆಲಸ ಅತ್ತೆ. ಮೊದಲು ನಿಮ್ಮ ಬೀಗರ ಮನೆಗೆ ಹೋಗಿ, ಅಕ್ಕನ ಬಗ್ಗೆ ಹೇಳಿದ್ದು ಸುಳ್ಳು ಅಂತ ಹೇಳಿ ಬನ್ನಿ. ಈ ಹಲ್ಲು ಹಾಕ್ಕೊಂಡೇ ಹೇಳಿ. ದೂರಕ್ಕೂ ಕೇಳ್ಸುತ್ತೆ.”

ಅವಳು ಹಲ್ಲು ಬಾಯಿಗಿಟ್ಟುಕೊಂಡಳು. “ಹಾಗಂದ್ರೆ ನನ್ನ ಮಗಳ ಸ್ಸುಂ… ಸ್ಸುಂಸ್ಸು…” ಸಂಸಾರ ಎಂಬ ಮಾತಿನಲ್ಲಿ ಎರಡು ‘ಸ’ ಇವೆ. ಅದನ್ನು ಅವಳಿಗೆ ದಾಟಲಾಗಲಿಲ್ಲ.

“ಹೊಸದಲ್ವಾ,” ಎಂದೆ. “ಸೆಟ್ ಆಗುತ್ತೆ.”

ಬೀಗರ ಮನೆಗೆ ಅವಳು ಹೋಗಲಿಲ್ಲ. ಮತ್ತೆ ಲ್ಯಾಬಿಗೂ ಬರಲಿಲ್ಲ.

ಅಕ್ಕನ ಮದುವೆಗೆ ಬಂದಿದ್ದಳು, ಬಾರದಿದ್ದರೆ ಜನ ಕೇಳುತ್ತಾರಲ್ಲ. ತಲೆಯನ್ನು ಬೇರೆ ಪಾರ್ಲರಿನಲ್ಲಿ ಸೆಟ್ ಮಾಡಿಸಿಕೊಂಡಿದ್ದಳು. ಪಕ್ಕದಲ್ಲಿ ಕೂತ ಹೆಂಗಸು, “ಹುಡುಗ ಏನು ಕೆಲಸ?” ಎಂದು ಕೇಳಿದಳು. ‘ಲಿಫ್ಟ್ ಕೆಲಸ’ ಎನ್ನಲು ಅತ್ತೆ ಬಾಯಿ ತೆರೆದಳು, ‘ಸ’ ನೆನಪಾಗಿ ಮುಚ್ಚಿದಳು, ಅಂಗೈಯನ್ನು ಎದೆಯ ಮಟ್ಟದಿಂದ ತಲೆಯವರೆಗೆ ಏರಿಸಿ, ಇಳಿಸಿ ತೋರಿಸಿದಳು.

“ಅಯ್ಯೋ ಪಾಪ, ಮೂಕರೇನಮ್ಮ ಇವರು?” ಎಂದು ಆ ಹೆಂಗಸು ನನ್ನನ್ನು ಕೇಳಿದಳು.

ನಾನು ಹಲ್ಲು ಕಾಣುವಂತೆ ನಕ್ಕೆ.