ಐದು ಮನೆಯ ಹೆಸರು

"ಭಿಕ್ಷಾ ಬೇಡಾಕ ಕಾರು ಯಾವಾಗಿಂದ ಬೇಕಾತು?"

ತಿರಕವ್ವ ಕೇಳಿದ್ದು ಯಾರನ್ನೂ ಅಲ್ಲ. ಜಲನಗರದಲ್ಲಿ ಮಗ ಕಟ್ಟಿಸಿದ ಮನೆಯ ನುಣುಪು ಕಂಬವೊಂದು ಎದುರಿಗಿತ್ತು, ಅಷ್ಟೆ. ಡ್ರೈವರ್ ಆಗಷ್ಟೇ ಕಾರಿನಿಂದ ಜೋಳದ ಐದು ಪ್ಯಾಕೆಟ್ ಇಳಿಸಿ ಹೋಗಿದ್ದ.

ಅವಳ ತವರು ತಿಕೋಟಾದಲ್ಲಿ ಒಂದು ಪದ್ಧತಿಯಿತ್ತು. ಹುಟ್ಟಿದ ಕೂಸುಗಳು ಉಳಿಯದಿದ್ದರೆ, ಮುಂದಿನದು ಹುಟ್ಟಿದಾಗ ಹಡೆದವಳೇ ಐದು ಮನೆಯ ಮುಂದೆ ಉಡಿ ಒಡ್ಡಿ ಕಾಳು ಬೇಡಬೇಕು. ಅದರ ಗಂಜಿ ಕುಡಿದು ಕೂಸಿಗೆ ತಿರುಕರ ಹೆಸರಿಡಬೇಕು. ಬೇಡಿ ತಂದ ಕೂಸನ್ನು ಸಾವೂ ಮುಟ್ಟುವುದಿಲ್ಲವೆಂಬ ನಂಬಿಕೆ. ಮೂರನ್ನು ಮಣ್ಣಿಗೆ ಕೊಟ್ಟ ತಾಯಿ ನಾಲ್ಕನೆಯದಕ್ಕೆ ಹಾಗೆ ಬೇಡಿದ್ದಳು. ಅದಕ್ಕೇ ಇವಳು ತಿರಕವ್ವ. ಆ ಐದು ಮನೆಗಳು ಅವಳಿಗೆ ವಚನದಂತೆ ಬಾಯಿಪಾಠ. ಓಣಿಯ ಗೆಳತಿ ಮುಮತಾಜಳ ಅಜ್ಜಿ ಹಾಕಿದ್ದು ಸಜ್ಜೆ ಎಂಬುದನ್ನೂ ಅವಳು ಮರೆತಿರಲಿಲ್ಲ.

ಮರೆತವನು ಮಗ ಸಿದ್ದಲಿಂಗೇಶ. ಟೈಲ್ಸ್ ಅಂಗಡಿ ನಾಲ್ಕು ಬಾಗಿಲಿನಷ್ಟು ದೊಡ್ಡದಾದ ಮೇಲೆ, ತನ್ನ ಮದುವೆಯ ಕಾರ್ಡಿನಲ್ಲಿ ತಾಯಿಯನ್ನು 'ತ್ರಿವೇಣಿ' ಮಾಡಿದ್ದ. ಈಗ ತನ್ನವೇ ಎರಡು ಕೂಸು ತೀರಿಕೊಂಡು, ಮೂರನೆಯದು ಒಂದೂವರೆ ತಿಂಗಳಿನದಾಗಿ ಮಲಗಿದ್ದಾಗ, ತಾಯಿಯ ಹೆಸರು ಅವನಿಗೆ ಮತ್ತೆ ನೆನಪಾಗಿತ್ತು.

"ಐದೂ ಬ್ಯಾರೆ ಬ್ಯಾರೆ ಅಂಗಡಿಯಾವು, ಯವ್ವಾ. ಏ-ಒನ್ ಮಾಲು," ಎನ್ನುತ್ತ ಅವನು ಬಂದ.

"ಕೊಂಡು ತಂದಿದ್ದಕ್ಕ ಸಂತಿ ಅಂತಾರಪ್ಪ."

"ಮೊಬೈಲನ್ಯಾಗ ಹೆಸರೂ ನೋಡೇನಿ. ತಿಯಾರಾ. ಕಿರೀಟ ಅಂತ ಅರ್ಥ. ತಿರಕವ್ವ ಅಂತ ಕಿವ್ಯಾಗ ಒಮ್ಮಿ ಊದಿದ್ರ ಮುಗೀತು."

ಬೇಡಿದ ಕಾಳಿಗೆ ಕಿರೀಟ. ಅವನ ಬೂಟಿನ ಹೊಳಪನ್ನು ನೋಡುತ್ತ ತಿರಕವ್ವನಿಗೆ ಸಿಟ್ಟೂ ಬರಲಿಲ್ಲ; ಸಿಟ್ಟಿಗಾದರೂ ಎದುರಿಗೆ ಒಂದು ಆಳು ಬೇಕು.

"ಹಂಗಾದ್ರ ಯಮನಿಗೂ ಒಂದು ಕಾರ್ಡು ಕಳಸು," ಎಂದಳು ಮೆಲ್ಲಗೆ. "ತ್ರಿವೇಣಿ ಮೊಮ್ಮಗಳು ತಿಯಾರಾ, ತಪ್ಪದ ಓದ್ರಿ ಅಂತ."

ಬಾಗಿಲಲ್ಲಿ ಸೊಸೆ ಐಶ್ವರ್ಯ ಕೂಸನ್ನೆತ್ತಿಕೊಂಡು ನಿಂತಿದ್ದಳು. ಉಸಿರು ಆಡುತ್ತಿದೆಯೇ ಎಂದು ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳಿಡುವುದು ಅವಳಿಗೆ ಚಟವಾಗಿಬಿಟ್ಟಿತ್ತು.

"ನಾ ಹೋಗಿ ಬೇಡತೇನ್ರಿ, ಅತ್ತಿ. ನೀವು ಮನಿ ತೋರಸ್ರಿ."

ಸಿದ್ದಲಿಂಗೇಶ ನಕ್ಕ. "ನನ್ನ ಹೇಂತಿ ಕಂಡವರ ಬಾಗಲ್ದಾಗ ಸೆರಗು ಒಡ್ಡಬೇಕಾ? ಬಬಲೇಶ್ವರದ ತನಕ ನಗತಾರ ಮಂದಿ. ಒಳಗ ನಡಿ."

ಐಶ್ವರ್ಯ ಕದಲಲಿಲ್ಲ. ಅವನು ದನಿ ತಗ್ಗಿಸಿ ತಾಯಿಯ ಪಕ್ಕ ಬಂದು ಕುಳಿತ.

"ಯವ್ವಾ, ಆಕಿ ಬದಲಿ ನೀನ ಹೋಗಿ ಬಾ. ಹೆಸರೂ ನಿಂದ, ಊರೂ ನಿಂದ. ನಿನಗೇನು ನಾಚಿಕಿ? ಕಾರು ಓಣಿ ಹೊರಗ ನಿಲ್ಲಸತೇನಿ, ಯಾರ ತಾಯಿ ಅಂತ ಯಾರಿಗೂ ಗೊತ್ತಾಗೂದಿಲ್ಲ."

ತಿರಕವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಹಡದಾಕಿ ಬೇಡಬೇಕು, ಹಡದಾಕಿ ತಯಾರದಾಳ," ಎಂದಳು. "ನಾ ಹೋಗೂದಿಲ್ಲ."